ಎರಡು ಸೆಕೆಂಡಿನ ಕರೆ

ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟ ಬಸ್ಸಿನಲ್ಲಿ ಯಶೋಧರಾಗೆ ಕಿಟಕಿ ಸೀಟೇ ಸಿಕ್ಕಿತ್ತು, ಆದರೆ ಹೊರಗೆ ನೋಡುವ ಮನಸ್ಸಿರಲಿಲ್ಲ. ತೊಡೆಯ ಮೇಲೆ ಒಂದು ಕಾಗದ. ಅದರಲ್ಲಿ ಒಂದು ಅಂಕಿ: ನೂರಕ್ಕೆ ನಾಲ್ಕು. ಹಿಡಕಲ್ ಆಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಬಂದ ಕೂಡಲೇ ಹೊಳೆದಂಡೆಯ ಹನ್ನೊಂದುನೂರಾ ನಲವತ್ತು ಫೋನುಗಳಿಗೆ ಒಟ್ಟಿಗೇ ಕರೆ ಹೋಗುವಂಥ ಸಾಫ್ಟ್‌ವೇರನ್ನು ಅವಳ ತಂಡ ಕಟ್ಟಿ ಮೂರು ವರ್ಷವಾಗಿತ್ತು. ಊರೊಳಗಿನ ಸೈರನ್ನು, ಡಂಗುರ ಯಾವುದೂ ಹೊಳೆಯ ನಡುವಿನ ಮಳಲಿಗೆ ಕೇಳಿಸುವುದಿಲ್ಲ. ಅಲ್ಲಿ ಹಟ್ಟಿ ಹಾಕುವ ಕುರುಬರಿಗೆ, ಪಂಪಿನ ಹತ್ತಿರ ಮಲಗುವವರಿಗೆ, ಮೀನು ಹಿಡಿಯುವವರಿಗೆ ಅಂತಲೇ ಈ ಕರೆ. ಎತ್ತಿದರೆ ಯಶೋಧರಾಳದೇ ದನಿ: ಎಷ್ಟು ನೀರು, ಎಷ್ಟು ಹೊತ್ತಿಗೆ, ದನಕರು ಮೇಲೆ ಹತ್ತಿಸಿರಿ. ಒಟ್ಟು ಮೂವತ್ತೆರಡು ಸೆಕೆಂಡು. ಮೊದಲ ವರ್ಷ ನೂರಕ್ಕೆ ಎಪ್ಪತ್ತು ಮಂದಿ ಪೂರಾ ಕೇಳಿದರು. ಎರಡನೆಯ ವರ್ಷ ಇಪ್ಪತ್ತು. ಈಗ ನಾಲ್ಕು. ಉಳಿದವರೆಲ್ಲ ಎರಡು ಸೆಕೆಂಡಿನೊಳಗೆ ಕಟ್ ಮಾಡುತ್ತಾರೆ. ಎತ್ತದೆ ಬಿಡುವುದು ಬೇರೆ ಮಾತು. ಕೈಯಲ್ಲಿ ಕೆಲಸ ಇರುತ್ತದೆ, ಫೋನು ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಇರುತ್ತದೆ. ಇದು ಹಾಗಲ್ಲ. ಫೋನು ಕೈಯಲ್ಲಿದೆ, ಯಾರ ಕರೆ ಅಂತ ನೋಡಿದ್ದಾರೆ, ನೋಡಿಯೇ ಕೆಂಪು ಗುಂಡಿ ಒತ್ತಿದ್ದಾರೆ.

ಯಾಕೆ ಅನ್ನುವುದು ಅವಳಿಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಅಂತ ಅವಳು ನಂಬಿದ್ದಳು. ಎರಡನೆಯ ವರ್ಷದ ಮೊದಲಿಗೆ ಒಂದು ಪೇಪರಿನವರು ಅವಳ ಫೋಟೊ ಹಾಕಿ, ಹುಕ್ಕೇರಿಯ ಯಾವ ಕೇರಿಯವಳು, ಯಾರ ಮಗಳು ಎಲ್ಲ ಬರೆದಿದ್ದರು. ಅಪ್ಪ ಯಲ್ಲಾರಿ ಆ ಪೇಪರನ್ನು ಬುದ್ಧನ ಫೋಟೊದ ಕೆಳಗೆ ಅಂಟಿಸಿದ. ದನಿಗೆ ಮುಖ ಬಂತು, ಮುಖಕ್ಕೆ ಕೇರಿ ಬಂತು, ಅಂಕಿ ಇಳಿಯಿತು. ಇಷ್ಟೇ ಲೆಕ್ಕ. ಇಂಥ ಅನುಮಾನಕ್ಕೆ ಔಷಧ ಇಲ್ಲ ನೋಡ್ರಿ, ಯಾರನ್ನು ಕೇಳುವುದು? ಬಾಜೂ ಕೂತಿದ್ದ ಮುದುಕ ಯಮಕನಮರಡಿಯ ಕಡೆಯ ಯಾರನ್ನೋ ಕಂಡು ಎದ್ದು ಹಿಂದಿನ ಸೀಟಿಗೆ ಹೋದ. ಪರಿಚಯದವರು ಸಿಕ್ಕರೆ ಯಾರಾದರೂ ಎದ್ದು ಹೋಗುತ್ತಾರೆ. ಆದರೂ ಅವಳ ಬೆನ್ನು ಸೆಟೆಯಿತು. ಏಳನೇ ಇಯತ್ತೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸುದ್ದಿ ಓದಲು ಅವಳನ್ನು ನಿಲ್ಲಿಸಿದ್ದರು. ನಾಲ್ಕು ಸಾಲು ಓದುವಷ್ಟರಲ್ಲಿ ಹೆಡ್ ಮಾಸ್ತರು ಬಂದು ಮೈಕಿನ ಗುಂಡಿ ತಿರುಗಿಸಿ, "ಸಾಕ್, ಕ್ಲಾಸಿಗೆ ನಡೀರಿ" ಅಂದರು. ಹೊತ್ತಾಗಿತ್ತೋ, ಮಳೆ ಬರುವಂತಿತ್ತೋ, ಇನ್ನೇನೋ. ಇಪ್ಪತ್ತು ವರ್ಷ ಆದರೂ ಅದಕ್ಕೆ ಕಾರಣ ಸಿಕ್ಕಿಲ್ಲ. ಕಾರಣ ಗೊತ್ತಿದ್ದರೆ ಬೈದು ಮರೆಯಬಹುದಿತ್ತು. ಮೈಕು ಬಂದಾದ ಮೇಲೂ ಅವಳು ಎರಡು ಸಾಲು ಓದಿದ್ದಳು, ಅದು ಯಾರಿಗೂ ಕೇಳಿರಲಿಲ್ಲ.

ಗೋಕಾಕದಲ್ಲಿ ಇಳಿದಾಗ ಮಳೆ ಇರಲಿಲ್ಲ, ಆದರೆ ಪಡುವಣದ ಕಡೆ ಆಕಾಶ ಕಪ್ಪಿಟ್ಟುಕೊಂಡು ಕೂತಿತ್ತು. ಘಟ್ಟದಲ್ಲಿ ಮೂರು ದಿನದಿಂದ ಸುರಿಯುತ್ತಿದೆ, ಡ್ಯಾಮು ತುಂಬಲು ಇನ್ನೊಂದೆರಡು ಮೊಳ ಬಾಕಿ ಅಂತ ಚಹಾದಂಗಡಿಯಲ್ಲಿ ಮಾತು. ಇಲ್ಲಿ ಮಾತ್ರ ಹೊಳೆ ಸೊರಗಿ, ಮಳಲು ಎದ್ದು, ಅಂಚಿನಲ್ಲಿ ಹುಲ್ಲು ಹಸಿರಾಗಿ ನಿಂತಿತ್ತು. ಬೀಜದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಮೆಟ್ಟಿಲು ಹತ್ತುವಾಗ ಗೊಬ್ಬರದ ಘಾಟು ಗಂಟಲಿಗೆ ಹತ್ತಿತು. ಒಳಗೆ ಮೂವರು ಕೂತಿದ್ದರು. ಸಾಫ್ಟ್‌ವೇರ್ ಬರೆದ ಹುಡುಗ ಲಖನ; ಮೊದಲ ವರ್ಷ ಹೊಳೆದಂಡೆ ಅಡ್ಡಾಡಿ ಒಂದೊಂದೇ ನಂಬರು ಬರೆದುಕೊಂಡು ಬಂದ ಅನ್ನಪೂರ್ಣಾ; ಮತ್ತು ಇದಕ್ಕೆಲ್ಲ ರೊಕ್ಕ ಹಾಕುವ ಬೆಳಗಾವಿಯ ಟ್ರಸ್ಟಿನ ಅಶೋಕ ಸರ್. ಅಶೋಕ ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು. ಅವರು ಎಲ್ಲರಿಗೂ ಚಹಾ ತರಿಸಿ, ತಮ್ಮ ಕುರ್ಚಿಯನ್ನು ಅನ್ನಪೂರ್ಣಾಗೆ ಕೊಟ್ಟು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಯಶೋಧರಾ ಅವರ," ಅಂದರು ಅಶೋಕ ಸರ್, ಗೋಡೆಯ ಬಿಳಿ ಫಲಕವನ್ನು ತೋರಿಸಿ. ಮೂರು ವರ್ಷದ ಹಿಂದೆ ಲಖನ ಅದರ ಮೇಲೆ ನೀಲಿ ಶಾಯಿಯಲ್ಲಿ ತಂಡದ ಗುರಿ ಬರೆದಿದ್ದ: ಹೊಳಿ ಸುದ್ದಿ ಎಲ್ಲಾರ ಕಿವಿಗೆ. ಒರೆಸದೇ ಬಿಟ್ಟದ್ದಕ್ಕೆ ಅದು ಫಲಕದೊಳಗೇ ಕೂತುಬಿಟ್ಟಿತ್ತು. "ಗುರಿ ಇದು. ಕಿವಿಗೆ ಮುಟ್ಟಾಕತ್ತಿಲ್ಲ. ಹಂಗಾದ್ರ ಗುರಿ ಬದಲ್ ಮಾಡೂಣೋ, ತಂಡ ಬರಖಾಸ್ತ ಮಾಡೂಣೋ ನೀವ ಹೇಳ್ರಿ. ಫೋನ್ ಕಂಪನಿ ಕರಾರು ಇವತ್ತ ಸಂಜಿ ಆರಕ್ಕ ಮುಗೀತೈತಿ. ನೀವು ಮುಂದುವರಸ್ತೀವಿ ಅಂದ್ರ ನಾ ಈಗ ಸಹಿ ಮಾಡ್ತೇನಿ. ನನ್ನ ಮಾತಲ್ಲ, ನಿಮ್ಮ ಮಾತ ನಡೀಲಿ."

ಅನ್ನಪೂರ್ಣಾ ತನ್ನ ಹಳೆಯ ರಿಜಿಸ್ಟರಿನ ರಟ್ಟನ್ನು ಉಗುರಿನಿಂದ ಕೆರೆಯುತ್ತ, "ನಾವು ಹೊಳಿ ಕಡೆ ಹೋಗಿ ಎರಡ್ ವರ್ಷ ಆತ್ರಿ ಅಕ್ಕಾ. ಒಮ್ಮೆ ಹೋಗಿ, ಯಾಕ್ ಎತ್ತೂದಿಲ್ಲಂತ ಕೇಳೂನಲ್ರೀ?" ಅಂದಳು. ಯಶೋಧರಾ ಕೈಯಲ್ಲಿದ್ದ ಕಾಗದವನ್ನು ಮತ್ತೊಮ್ಮೆ ಮಡಿಚಿದಳು. ಹೋಗಿ ಕೇಳುವುದು! ಆ ಮಳಲಿನ ಮೇಲೆ ನಿಂತು, ನನ್ನ ದನಿ ನಿಮಗೆ ಯಾಕೆ ಬೇಡ ಅಂತ ಕೇಳುವುದು. ಅವರು ಮುಖ ಮುಖ ನೋಡಿಕೊಂಡು, ಹಲ್ಲು ಕಿರಿದು, ಹಂಗೇನಿಲ್ರಿ ಅನ್ನುವುದು. "ಏನ್ ಕೇಳೂದೈತಿ? ಅಂಕಿನ ಹೇಳಾಕತ್ತೈತಲ್ಲ," ಅಂದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಒಮ್ಮೆ ಸದ್ದು ಮಾಡಿತು. ಅವ್ವ. ದಿನಾ ಇದೇ ಹೊತ್ತಿಗೆ ಬರುವ ಕರೆ; ಅಂದರೆ ಅಜ್ಜಿ ಉದ್ದವ್ವನ ಊಟ ಮುಗಿಯಿತು, ಗುಳಿಗೆ ನುಂಗಿದ್ದಾಳೆ, ಅಷ್ಟೇ. ಯಶೋಧರಾ ನೋಡದೆಯೇ ಹೆಬ್ಬೆರಳಿನಿಂದ ಕಟ್ ಮಾಡಿ ಫೋನು ಬೋರಲು ಹಾಕಿದಳು.

ಲಖನನಿಗೆ ತಂಡ ಮುರಿಯುವುದು ಬೇಡಾಗಿತ್ತು. ಪಾಪದ ಹುಡುಗ, ಮೂರು ವರ್ಷ ಅದನ್ನು ಮಗುವಿನಂತೆ ನೋಡಿಕೊಂಡಿದ್ದ. ಏನಾದರೂ ಹೇಳಬೇಕಲ್ಲ ಅಂತ ಕೈ ಕೈ ಹಿಸುಕಿಕೊಂಡು, "ದನಿ ಬದಲ್ ಮಾಡಿ ನೋಡೂನೇನ್ರಿ ಸರ್? ಯಾರರೆ ಗಂಡಸರ ದನಿ... ಇಲ್ಲಾ ಬ್ಯಾರೆ ಯಾರದರೆ..." ಅಂದ. ಅಂದವನಿಗೆ ಅದರ ಅರ್ಥ ಏನೇನೂ ಗೊತ್ತಿರಲಿಲ್ಲ. ಅಶೋಕ ಸರ್ ಮಾತ್ರ ತಟ್ಟನೆ ಚಹಾದ ಕಪ್ಪಿನೊಳಗೆ ನೋಡತೊಡಗಿದರು. ಓಹೋ, ಇವರಿಗೂ ಗೊತ್ತು. ಇವರೂ ಇದನ್ನೇ ಯೋಚಿಸಿದ್ದಾರೆ, ಮರ್ಯಾದೆಗೆ ಬಾಯಿ ಬಿಟ್ಟಿಲ್ಲ. ಯಶೋಧರಾಳ ಕಿವಿ ಬಿಸಿಯಾಯಿತು. ಹೊಳೆ, ನೀರು, ಕುರಿ ಯಾವುದೂ ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಇರಲಿಲ್ಲ. ನನ್ನ ದನಿ ತೆಗೆದು ಇನ್ನೊಬ್ಬರ ದನಿ ಹಾಕಿ, ಅಂಕಿ ಎಪ್ಪತ್ತಕ್ಕೆ ಏರಿದರೆ? ಅದನ್ನು ಕಣ್ಣಾರೆ ನೋಡಿಕೊಂಡು ನಾನು ಇದೇ ಕುರ್ಚಿಯಲ್ಲಿ ಕೂತಿರಬೇಕೇ? "ಬಂದ್ ಮಾಡೂಣು," ಅಂದು ಕೈ ಎತ್ತಿದಳು. ಮುಖ್ಯಸ್ಥೆಯೇ ಎತ್ತಿದ ಮೇಲೆ ಉಳಿದವರು ಏನು ಮಾಡುತ್ತಾರೆ? ಲಖನ ತಲೆ ತಗ್ಗಿಸಿ ಎತ್ತಿದ. ಅನ್ನಪೂರ್ಣಾ ರಿಜಿಸ್ಟರಿನ ಮೇಲಿಂದ ಒಂದು ಬೆರಳು ಎತ್ತಿದಳು, ಅದನ್ನೇ ಕೈ ಅಂತ ಬರೆದುಕೊಂಡರು.

ಹೊರಡುವ ಮುಂಚೆ ಅಶೋಕ ಸರ್, "ಮಂದಿಗೆ ಹೇಳದ ಬಂದ್ ಮಾಡೂದು ಸರಿ ಅಲ್ರಿ. ಮರ್ಯಾದಿಗೆ ಒಂದ್ ಕಡೀ ಕರೆ ಹಚ್ಚಿಬಿಡ್ರಿ," ಅಂದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಯಶೋಧರಾ ಬಾಗಿಲು ಹಾಕಿಕೊಂಡು, ಫ್ಯಾನು ನಿಲ್ಲಿಸಿ, ಮೈಕಿನ ಮುಂದೆ ಕೂತಳು. "ನಮಸ್ಕಾರ. ಇಂದು ಸಂಜೆ ಆರರ ನಂತರ ಈ ನಂಬರಿನಿಂದ ನೀರಿನ ಸುದ್ದಿ ಬರುವುದಿಲ್ಲ. ದಯವಿಟ್ಟು ನಿಮ್ಮ ಎಚ್ಚರಿಕೆಯಲ್ಲಿ ನೀವು ಇರಿ." ದನಿ ನಡುಗಿತೆಂದು ಎರಡು ಸಲ ಅಳಿಸಿ, ಮೂರನೆಯ ಸಲಕ್ಕೆ ಒಳ್ಳೆಯ ದನಿಯಲ್ಲಿ ಹೇಳಿದಳು, ನೂರಕ್ಕೆ ನಾಲ್ಕು ಮಂದಿಯಾದರೂ ನೆನಪಿಡಲಿ ಅನ್ನುವ ಹಟ. ಮೂರೂವರೆಗೆ ಲಖನ ಗುಂಡಿ ಒತ್ತಿದ. ಪರದೆಯ ಮೇಲೆ ಹನ್ನೊಂದುನೂರಾ ನಲವತ್ತು ಚುಕ್ಕಿ ಹಳದಿಯಾದವು, ಅದರ ಹಿಂದೆಯೇ ಸಾಲುಸಾಲಾಗಿ ಕೆಂಪಾದವು. ಎರಡು ಸೆಕೆಂಡು. ಕಡೆಯ ಸಲವೂ ಕೇಳಲಿಲ್ಲ ನೋಡು ಅಂದುಕೊಂಡು ಅವಳು ತನ್ನ ಲೋಟ, ಕ್ಯಾಲೆಂಡರು, ಚಾರ್ಜರು ಚೀಲಕ್ಕೆ ತುಂಬತೊಡಗಿದಳು. ಅಳು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ.

ಐದು ಗಂಟೆಯ ಹೊತ್ತಿಗೆ ಅನ್ನಪೂರ್ಣಾಳ ಫೋನು ಒಮ್ಮೆ ಬಾರಿಸಿ ಸುಮ್ಮನಾಯಿತು. "ತುಕ್ಕಾನಟ್ಟಿ ಶೆಟ್ಟೆಪ್ಪ ಕಾಕಾ. ಇವನ ನಂಬರ ನಾನ ಬರಕೊಂಡಿದ್ದೆ, ಇನ್ನೂರ್ ಕುರಿ ಅದಾವು," ಅನ್ನುತ್ತ ಅವಳು ತಿರುಗಿ ಕರೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಆ ಕಡೆ ಏದುಸಿರು, ಕುರಿಗಳ ಒದರಾಟ. "ಅಕ್ಕಾರ, ನೀರ್ ಎಲ್ಲೈತ್ರಿ? ನಿಮ್ಮ ಗಂಟಿ ಬಂತಂತ ಹಟ್ಟೀನ ಕಿತ್ತು ಮ್ಯಾಲ ಹತ್ತಿಸೇವಿ. ಈಯಾಕ ಬಂದ ಎರಡ ಕುರಿ ಹೊತಗೊಂಡ ಏರೇವ್ರಿ. ಒಂದೂವರಿ ತಾಸ್ ಆತು, ಹೊಳಿ ಹಂಗ ಐತಿ!"

"ಕಾಕಾ, ಅದು ನೀರಿನ ಕರೆ ಅಲ್ಲ," ಅಂದಳು ಯಶೋಧರಾ, ಮೇಜಿನ ಮೇಲೆ ಬಾಗಿ. "ಅದರಾಗ ಬ್ಯಾರೆ ಹೇಳಿದ್ದೆ. ನೀವು ಕೇಳಲಿಲ್ಲೇನು?"

"ಅದರಾಗ ಕೇಳೂದೇನೈತ್ರಿ ಬಾಯಾರ? ನಿಮ್ಮ ನಂಬರ್ ಗಂಟಿ ಆತಂದ್ರ ನೀರ್ ಬಂತಂತ ಲೆಕ್ಕ. ಹೊಳಿ ಮಂದಿಗೆಲ್ಲಾ ಗೊತ್ತೈತಿ. ಗಂಟಿ ಆತಂದ್ರ ಕಟ್ ಮಾಡೂದು, ಕುರಿ ಎಬ್ಬಸೂದು."

"ಎತ್ತಿ ಕೇಳಬೇಕಲ್ಲ ಕಾಕಾ..."

"ಎತ್ತಿದ್ರ ನಿಮ್ಮ ರೊಕ್ಕ ಹೊಕ್ಕೈತಲ್ರೀ!" ಶೆಟ್ಟೆಪ್ಪನ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ಮೊದಲ ಮೊದಲ ಎತ್ತತಿದ್ವಿ, ಗೊತ್ತಿರಲಿಲ್ಲ. ಆಮ್ಯಾಲ ನಮ್ಮ ಹಟ್ಟಿ ಮುದುಕಿ ಲಗಮವ್ವಾಯಿ ಬೈದ್ಲು. ಪಾಪ, ಹೆಣ್ಮಗಳು ನಮ್ಮ ಜೀಂವಾ ಉಳಸಾಕ ಮಿಸ್‌ಕಾಲ್ ಕೊಡತಾಳ, ನೀವು ಎತ್ತಿ ಆಕೀ ರೊಕ್ಕ ಸುಡತೀರಿ, ನಾಚಿಕಿ ಬರೂದಿಲ್ಲೇನು ಅಂದ್ಲು. ಅವತ್ತಿನಿಂದ ಯಾರೂ ಎತ್ತಂಗಿಲ್ರಿ."

ಫ್ಯಾನು ತಿರುಗುತ್ತಿತ್ತು. ಯಶೋಧರಾ ಕುರ್ಚಿಯ ಬೆನ್ನು ಹಿಡಿದು ನಿಂತಳು. ಅಡವಿಯಲ್ಲಿ ಕುರಿ ಮೇಯಿಸುವವನು ಒಂದು ಗಂಟಿ ಕೊಟ್ಟರೆ ಮುಟ್ಟಿದೆ ಅಂತ, ಎರಡು ಕೊಟ್ಟರೆ ರೊಟ್ಟಿ ತಾ ಅಂತ. ಇದು ಅವಳಿಗೆ ಗೊತ್ತಿರಲಿಲ್ಲವೇ? ಅವಳ ಮನೆಯಲ್ಲಿ ಬೇರೆ ಇತ್ತೇ? ಅಪ್ಪ ಕೆಲಸದಿಂದ ಹೊರಟಾಗ ಒಂದು ಗಂಟಿ ಕೊಡುತ್ತಿದ್ದ, ಅವ್ವ ಕಟ್ ಮಾಡಿ ಚಹಾಕ್ಕೆ ಇಡುತ್ತಿದ್ದಳು. ಒಮ್ಮೆ ತಾನು ಗೊತ್ತಾಗದೆ ಎತ್ತಿ ಹಲೋ ಅಂದದ್ದಕ್ಕೆ ಅವ್ವ ತಲೆಯ ಮೇಲೆ ಮೊಟಕಿದ್ದಳು. ಇವತ್ತು ಮಧ್ಯಾಹ್ನ ಇದೇ ಮೇಜಿನ ಮೇಲೆ, ಇದೇ ಹೆಬ್ಬೆರಳಿನಿಂದ ಏನು ಮಾಡಿದಳು ಅವಳು? ಎರಡು ವರ್ಷ ಮಂದಿ ಮರ್ಯಾದೆ ಕೊಟ್ಟಿದ್ದಾರೆ. ಎರಡು ವರ್ಷ ಅವಳು ಅದನ್ನು ಅವಮಾನ ಅಂತ ಎಣಿಸಿ, ರಾತ್ರಿ ಮಲಗಿ ಅದನ್ನೇ ಗಾಯದ ಹಾಗೆ ನೆಕ್ಕಿದ್ದಾಳೆ. ಥೂ ಅನ್ನಿಸಿತು ತನ್ನ ಮೇಲೆ. ಆಮೇಲೆ ಬಂದದ್ದು ನಾಚಿಕೆಯಲ್ಲ, ಭಯ. ಗಂಟಿ ಬಂದರೆ ನೀರು ಅಂತಾದರೆ, ಗಂಟಿ ಬರದಿದ್ದರೆ ನೀರಿಲ್ಲ ಅಂತ ಅಲ್ಲವೇ ಅವರ ಲೆಕ್ಕ? ಆರು ಗಂಟೆಯ ನಂತರ ಗಂಟಿ ಬರುವುದಿಲ್ಲ. ಹನ್ನೊಂದುನೂರಾ ನಲವತ್ತು ಮಂದಿ ನಿಶ್ಚಿಂತೆಯಿಂದ ಮಲಗುತ್ತಾರೆ. ಬಂದ್ ಆಯಿತು ಅಂತ ಅವರಿಗೆ ತಿಳಿಸಲು ಇರುವುದು ಅದೊಂದೇ ನಂಬರು, ಆ ನಂಬರಿನಲ್ಲಿ ಏನು ಹೇಳಿದರೂ ಅವರು ಕೇಳುವುದಿಲ್ಲ.

"ಕಾಕಾ, ಕುರಿ ಕೆಳಗ ಇಳಸಬ್ಯಾಡ್ರಿ. ನಾ ಬರ್ತೇನಿ," ಅಂದಳು. ಅಶೋಕ ಸರ್‌ಗೆ ಕರೆ ಹಚ್ಚಿದರು, ಮುಕ್ಕಾಲು ತಾಸಿನ ಮೇಲೆ ಸಿಕ್ಕರು. ಅವರು ಬೆಳಗಾವಿಯ ದಾರಿಯಲ್ಲಿದ್ದರು, ಪೂರಾ ಕೇಳಿದರು. "ಕೈ ಎತ್ತಿದ್ದು ನೀವ ಅಲ್ಲೇನ್ರಿ ಯಶೋಧರಾ ಅವರ? ಕಾಗದ ಕಳಿಸಿಬಿಟ್ಟೇನಿ. ಇವತ್ತ ಶನಿವಾರ, ಮತ್ತ ಚಾಲೂ ಮಾಡಬೇಕಂದ್ರ ಸೋಮವಾರನ ಆಗಬೇಕು." ಆರಕ್ಕೆ ಐದು ನಿಮಿಷವಿತ್ತು. ಲಖನನ ಬೆರಳು ಗುಂಡಿಯ ಮೇಲಿತ್ತು. "ಅಕ್ಕಾ, ಇನ್ನೊಮ್ಮೆ ಒತ್ತಿಬಿಡಲೇನು? ಮಂದಿ ಮ್ಯಾಲನ ಉಳೀತಾರು." ಅವಳು ಯೋಚಿಸಿದಳು. ಒಂದೇ ದಿನ ಎರಡು ಸಲ ಸುಳ್ಳು ಗಂಟಿ ಬಾರಿಸಿದರೆ ಆ ನಂಬರಿನ ಮೇಲಿನ ನಂಬಿಕೆಯೇ ಹೋಗುತ್ತದೆ, ಸೋಮವಾರ ಮತ್ತೆ ಚಾಲೂ ಆದರೂ ಯಾರೂ ಏಳುವುದಿಲ್ಲ. ನೀರಿನ ಸುದ್ದಿಯಂತೂ ಇನ್ನೂ ಬಂದಿಲ್ಲ. ಇಷ್ಟು ವರ್ಷ ನಂಬಿದವರಿಗೆ ಗೊತ್ತಿದ್ದೂ ಸುಳ್ಳು ಹೇಳುವುದೇ? ನ್ಯಾಯವಾದ ಯೋಚನೆಯೇ, ಯಾರಾದರೂ ಹಾಗೇ ಯೋಚಿಸುತ್ತಿದ್ದರು. "ಬ್ಯಾಡ," ಅಂದಳು. ಗೋಡೆಯ ಗಡಿಯಾರ ಆರು ತೋರಿಸಿತು, ಪರದೆಯ ಮೇಲಿನ ಚುಕ್ಕಿಗಳೆಲ್ಲ ಬೂದಿಬಣ್ಣಕ್ಕೆ ತಿರುಗಿದವು.

ಲಖನನ ಗಾಡಿಯ ಹಿಂದೆ ಅನ್ನಪೂರ್ಣಾಳ ರಿಜಿಸ್ಟರು ಎದೆಗವಚಿ ಕೂತು ಯಶೋಧರಾ ಹೊಳೆಗೆ ಬಂದಾಗ ಇನ್ನೂ ಬೆಳಕಿತ್ತು. ಗಾಳಿ ಪಡುವಣದಿಂದ ಬೀಸುತ್ತಿತ್ತು, ಅದರಲ್ಲಿ ಮಳೆಯ ವಾಸನೆ. ದಂಡೆಯ ಮೇಲೆ ಶೆಟ್ಟೆಪ್ಪ ಕಂಬಳಿ ಹೊದ್ದು, ಕೈಯಲ್ಲೊಂದು ಎಳೆಯ ಮರಿ ಹಿಡಿದು ನಿಂತಿದ್ದ. ಅವನು ಅವಳನ್ನು ನೋಡಿದ್ದು ಅದೇ ಮೊದಲು, ಆದರೂ "ದನೀ ಬಾಯಾರು" ಅಂತ ನಕ್ಕು, ಕುಳಿತುಕೊಳ್ಳಲು ಕಂಬಳಿ ಹಾಸಹೋದ. ಆ ನಗುವನ್ನು ನೋಡಲಾಗದೆ ಅವಳು ನಿಂತಲ್ಲೇ ಎಲ್ಲ ಹೇಳಿದಳು: ತಂಡ ಮುಚ್ಚಿದ್ದು, ಇನ್ನು ಗಂಟಿ ಬಾರದಿರುವುದು, ಮೊದಲು ಕೈ ಎತ್ತಿದ್ದು ತಾನೇ ಅಂತಲೂ. ಶೆಟ್ಟೆಪ್ಪ ನಗು ನಿಲ್ಲಿಸಿ ಮರಿಯನ್ನು ಕೆಳಗೆ ಬಿಟ್ಟ. "ಮತ್ತ ಈಗ ನೀರ್ ಬಿಟ್ರ ನಮಗ ಯಾರ್ ಹೇಳ್ತಾರ್ರಿ? ಮೊದಲ ಪಾಳಿ ಹಚ್ಚಿ ರಾತ್ರಿಯೆಲ್ಲಾ ಎದ್ದಿರ್ತಿದ್ವಿ. ನಿಮ್ಮ ಗಂಟಿ ಬಂದ ಮ್ಯಾಲ ಪಾಳಿ ಬಿಟ್ಟೇವಲ್ರಿ," ಅಂದ. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಆರೂವರೆಗೆ ಅವಳ ಫೋನಿಗೆ ಡ್ಯಾಮಿನ ಸುದ್ದಿ ಬರುವ ಗುಂಪಿನಲ್ಲಿ ಒಂದು ಸಾಲು ಬಂತು. ಒಳಹರಿವು ಏರಿದೆ, ಏಳು ಗಂಟೆಗೆ ಗೇಟು ಎತ್ತುತ್ತಾರೆ. ಇಲ್ಲಿಗೆ ಮುಟ್ಟಲು ಒಂದೂವರೆ ತಾಸು, ಎರಡು ತಾಸು. ಅವಳು ಅದನ್ನು ಗಟ್ಟಿಯಾಗಿ ಓದಿದಳು. ಲಖನ ಗಾಡಿ ತಿರುಗಿಸಿ ಹಳ್ಳಿಯ ಕಡೆ ಹೋದ, ಸಿಕ್ಕವರಿಗೆ ಹೇಳಲು. ಹೊಳೆಯ ಉದ್ದಕ್ಕೂ, ಕಣ್ಣು ಹಾಯುವಷ್ಟು ದೂರ, ಮಧ್ಯಾಹ್ನ ಹೆದರಿ ಮೇಲೆ ಏರಿದ್ದ ಹಟ್ಟಿಗಳು ಈಗ ನೀರು ಬರಲಿಲ್ಲ ಅಂತ ಒಂದೊಂದಾಗಿ ಮಳಲಿಗೆ ಇಳಿಯುತ್ತಿದ್ದವು. ಆಚೆ ದಂಡೆಯಲ್ಲಿ ಕೆಂಪು ರುಮಾಲಿನವನೊಬ್ಬ ಹಿಂಡನ್ನು ಇಳುಕಲಿಗೆ ತಿರುಗಿಸುತ್ತಿದ್ದ. "ಅಂವ ನಮ್ಮ ಕೆಂಚಪ್ಪ," ಅಂದ ಶೆಟ್ಟೆಪ್ಪ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. ಗಾಳಿ ಆ ಕೂಗನ್ನು ಕೆಳಗಿನ ಕಡೆಗೆ ಒಯ್ದುಬಿಟ್ಟಿತು. ಶೆಟ್ಟೆಪ್ಪನ ಫೋನು ಸತ್ತುಹೋಗಿತ್ತು. ಸಂಜೆ ಅವರ ಜೊತೆ ಅಷ್ಟು ಹೊತ್ತು ಮಾತಾಡಿದ್ದಕ್ಕೇ ಚಾರ್ಜು ಮುಗಿದಿತ್ತು.

ಅವಳು ಮಣ್ಣಿನಲ್ಲೇ ಕೂತು ರಿಜಿಸ್ಟರು ಬಿಚ್ಚಿದಳು. ಒಬ್ಬರಿಗೆ ಒಂದು ನಿಮಿಷ ಅಂದರೂ ಎಲ್ಲರಿಗೆ ಹೇಳಿ ಮುಗಿಸಲು ಹತ್ತೊಂಬತ್ತು ತಾಸು. ಕೆಂಚಪ್ಪನ ಹೆಸರು ಮೂರನೆಯ ಪುಟದಲ್ಲಿ ಸಿಕ್ಕಿತು. ತನ್ನ ಫೋನಿನಿಂದ ಆ ನಂಬರು ಒತ್ತಿ ಕಿವಿಗಿಟ್ಟುಕೊಂಡು ಆಚೆ ದಂಡೆಯನ್ನೇ ನೋಡುತ್ತ ಎದ್ದು ನಿಂತಳು. ಗಂಟಿ ಹೋಯಿತು. ಕೆಂಚಪ್ಪ ನಿಂತ, ಅಂಗಿಯೊಳಗಿನಿಂದ ಫೋನು ತೆಗೆದ, ಅದರ ಬೆಳಕು ಅವನ ಗದ್ದಕ್ಕೆ ಬಿದ್ದದ್ದೂ ಕಂಡಿತು. ಎತ್ತೋ ಯಪ್ಪಾ, ಎತ್ತು, ಒಮ್ಮೆ ನನ್ನ ರೊಕ್ಕ ಸುಡು. ಅವನು ನಂಬರು ನೋಡಿದ, ಗುರುತಿನದಲ್ಲ. ಯಾರೋ ಪಾಪ ಎಲ್ಲಿಗೋ ಮುಟ್ಟಿದ ಸುದ್ದಿ ಹೇಳುತ್ತಿದ್ದಾರೆ, ಅಷ್ಟೇ. ಕಟ್ ಮಾಡಿದ. ಅವಳು ಮತ್ತೆ ಹಚ್ಚಿದಳು, ಅವನು ಮತ್ತೆ ಕಟ್ ಮಾಡಿದ. ಮೂರನೆಯ ಸಲ ಫೋನಿಗೆ ಹಣೆ ಮುಟ್ಟಿಸಿ, ತಿಳಿಯಿತು ಅನ್ನುವಂತೆ ತಲೆಯಾಡಿಸಿ ಕಟ್ ಮಾಡಿದ. ಆಮೇಲೆ ಅದನ್ನು ಒಳಜೇಬಿಗೆ ಹಾಕಿ, ಹಿಂದೆ ಉಳಿದಿದ್ದ ಕುಂಟು ಕುರಿಯೊಂದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಸಾವಕಾಶ ಮಳಲಿಗೆ ಇಳಿದ.